ಬದುವಿಗೆ ಬಂದು ನಿಲ್ಲುವ ಕ್ರಾಸ್

ಮಲ್ಲೇಶ್ವರದಲ್ಲಿ "ಸಂಪಿಗೆ ರಸ್ತೆ, 8ನೇ ಕ್ರಾಸ್" ಎಂದು ಹೇಳಿದರೆ ವಿಳಾಸ ಹೇಳಿದಂತೆಯೂ ಆಯಿತು, ದಾರಿ ತೋರಿಸಿದಂತೆಯೂ ಆಯಿತು. ಅಲ್ಲಿಂದ ಉತ್ತರಕ್ಕೆ ನಡೆದರೆ 9, 10, 11 ಎಂದು ಕ್ರಾಸುಗಳು ಸಾಲಾಗಿ ಬರುತ್ತವೆ. ಸಂಪಿಗೆ ರಸ್ತೆಯಲ್ಲಿ ಗಾಡಿಗಳು ಕಟ್ಟಿಕೊಂಡರೆ ಯಾವುದಾದರೊಂದು ಕ್ರಾಸಿಗೆ ತಿರುಗಿ ಮಾರ್ಗೋಸಾ ರಸ್ತೆ ಹಿಡಿಯಬಹುದು. ಇದೇ ಬೆಂಗಳೂರಿನ ಹೊರಮಾವು, ಬೇಗೂರು, ವರ್ತೂರು ಕಡೆಗೆ ಹೋದರೆ ಅಲ್ಲೂ "5ನೇ ಕ್ರಾಸ್" ಎಂಬ ಬೋರ್ಡು ಸಿಗುತ್ತದೆ. ಆದರೆ ಎಷ್ಟೋ ಕಡೆ ಆ ಕ್ರಾಸು ಏನನ್ನೂ ಕ್ರಾಸ್ ಮಾಡುವುದಿಲ್ಲ. ಇನ್ನೂರು ಮುನ್ನೂರು ಅಡಿ ಹೋಗಿ ಒಂದು ಕಾಂಪೌಂಡಿಗೋ, ಖಾಲಿ ಜಮೀನಿನ ತಂತಿಬೇಲಿಗೋ, ಮಳೆನೀರಿನ ರಾಜಕಾಲುವೆಗೋ ಬಂದು ನಿಲ್ಲುತ್ತದೆ. ಹೆಸರು ಉಳಿದಿದೆ, ಕೆಲಸ ತಪ್ಪಿಹೋಗಿದೆ.

ಊರು ಬೆಳೆದಂತೆ ಬೀದಿಗಳ ಹೆಣಿಗೆ ಹೀಗೇಕೆ ಸಡಿಲವಾಗುತ್ತದೆ ಎಂಬುದಕ್ಕೆ ಉತ್ತರ ಟ್ರಾಫಿಕ್ ಸಿಗ್ನಲ್ಲಿನಲ್ಲಿ ಸಿಗುವುದಿಲ್ಲ. ಅದು ಹೊಲದ ಬದುವಿನಲ್ಲಿದೆ. ಹೊಲ ಸೈಟಾಗುವ ಆ ಮೊದಲ ವರ್ಷದಲ್ಲಿ ರಸ್ತೆ ಬದುವನ್ನು ದಾಟಿತೋ ಇಲ್ಲವೋ ಎಂಬುದರ ಮೇಲೆ ಮುಂದಿನ ನೂರು ವರ್ಷದ ಓಡಾಟ ನಿಂತಿರುತ್ತದೆ. ಮನೆ ಕೆಡವಿ ಕಟ್ಟುತ್ತಾರೆ, ಅಂಗಡಿ ಬದಲಾಗುತ್ತದೆ, ಕೆರೆ ಕೂಡ ಬಸ್ ನಿಲ್ದಾಣವಾಗುತ್ತದೆ. ಬೀದಿಯ ಗೆರೆ ಮಾತ್ರ ಹಾಗೇ ಉಳಿಯುತ್ತದೆ. 1537ರಲ್ಲಿ ಕೆಂಪೇಗೌಡರು ಹಾಕಿದ ಪೇಟೆಯ ದೊಡ್ಡಪೇಟೆ ಇಂದಿನ ಅವೆನ್ಯೂ ರಸ್ತೆ. ಅದು ಚಿಕ್ಕಪೇಟೆ ಬೀದಿಯನ್ನು ಕೂಡುವ ಜಾಗ ಇವತ್ತಿಗೂ ಅದೇ.

ಪೇಟೆಯ ಗಲ್ಲಿಗಳ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಅಂಕುಡೊಂಕಾದ ಬೀದಿ ಎಂದರೆ ಕೆಟ್ಟ ಬೀದಿ, ನೇರವಾದ ಬೀದಿ ಎಂದರೆ ಯೋಜಿತ ಬೀದಿ ಎಂದು ಎಷ್ಟೋ ಜನ ಭಾವಿಸಿದ್ದಾರೆ. ಡೊಂಕಾಗಿರುವುದು ಬೇರೆ, ತುಂಡಾಗಿರುವುದು ಬೇರೆ. ಪೇಟೆಯ ಗಲ್ಲಿ ಎಷ್ಟೇ ಕಿರಿದಾಗಿದ್ದರೂ ಹೆಚ್ಚಿನವು ಇನ್ನೊಂದು ಗಲ್ಲಿಯಲ್ಲಿ ಹೊರಬೀಳುತ್ತವೆ. ಹೊರವಲಯದ ಗೇಟೆಡ್ ಲೇಔಟಿನ ರಸ್ತೆ ಹಗ್ಗ ಹಿಡಿದಂತೆ ನೇರವಾಗಿದ್ದರೂ ಹೊರಬೀಳುವ ಬಾಯಿ ಒಂದೇ. ನಡೆಯುವವರ ಪಾಲಿಗೆ ಮೊದಲನೆಯದೇ ಮೇಲು.

1890ರ ದಶಕದಲ್ಲಿ ಗೆರೆ ಎಳೆದ ಮಲ್ಲೇಶ್ವರ ಮತ್ತು ಬಸವನಗುಡಿ 1898ರ ಪ್ಲೇಗಿನ ನಂತರ ತುಂಬಿದವು. 1945ರಲ್ಲಿ ಬಡಾವಣೆ ಮಾಡುವ ನಗರ ಸುಧಾರಣಾ ಮಂಡಳಿ (ಸಿಐಟಿಬಿ) ಹುಟ್ಟಿತು, 1948ರಲ್ಲಿ ಜಯನಗರಕ್ಕೆ ಶಂಕುಸ್ಥಾಪನೆ ಆಯಿತು, 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಬಂತು. ಇವುಗಳಲ್ಲಿ ಸಮನಾಗಿರುವುದು ಒಂದೇ ಸಂಗತಿ: ರಸ್ತೆಯ ಗೆರೆ ಎಳೆಯುವ ಮೊದಲೇ ಜಮೀನೆಲ್ಲ ಒಂದೇ ಕೈಗೆ ಬಂದಿತ್ತು. ಹಾಗಾಗಿ ಸರ್ವೆ ನಂಬರಿನ ಗಡಿ ಅಳಿಸಿಹೋಗಿ ಮೇನ್ ಮತ್ತು ಕ್ರಾಸ್ ಎಂಬ ಲೆಕ್ಕ ಸಾಧ್ಯವಾಯಿತು. ಆಮೇಲೆ ಊರು ಸರ್ಕಾರಿ ಲೇಔಟುಗಳಿಗಿಂತ ವೇಗವಾಗಿ ಬೆಳೆಯಿತು. ಜನಗಣತಿಯ ಪ್ರಕಾರ 2001ರಲ್ಲಿ ಸುಮಾರು 57 ಲಕ್ಷವಿದ್ದ ನಗರ ಪ್ರದೇಶದ ಜನ 2011ಕ್ಕೆ ಸುಮಾರು 85 ಲಕ್ಷವಾದರು. 2007ರಲ್ಲಿ 7 ನಗರಸಭೆ, 1 ಪುರಸಭೆ, 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ಮಾಡುವ ಹೊತ್ತಿಗೆ ಆ ಹಳ್ಳಿಗಳ ಹೊಲಗಳಲ್ಲಿ ಬಹಳಷ್ಟು ಆಗಲೇ ಸೈಟಾಗಿದ್ದವು. ಪಾಲಿಕೆ ಬಂದದ್ದು ಬೀದಿ ಬಿದ್ದ ಮೇಲೆ.

ಹೊಲ ಹೇಗೆ ಬೀದಿಯಾಗುತ್ತದೆ ಎಂಬುದನ್ನು ಅಡಿ ಲೆಕ್ಕದಲ್ಲೇ ನೋಡೋಣ. ಒಂದು ಸರ್ವೆ ನಂಬರ್ ಅಣ್ಣತಮ್ಮಂದಿರ ಪಾಲಿನಲ್ಲಿ ಹಿಸ್ಸಾಗಳಾಗಿ ಒಡೆಯುತ್ತದೆ. ಎಲ್ಲರಿಗೂ ಬಂಡಿದಾರಿ ಸಿಗಬೇಕಾದ್ದರಿಂದ ಪಾಲು ಉದ್ದುದ್ದಕ್ಕೆ ಬೀಳುತ್ತದೆ. ಅಂಥ ಒಂದು ಪಟ್ಟಿ 100 ಅಡಿ ಅಗಲ, 800 ಅಡಿ ಉದ್ದ ಇದೆ ಎನ್ನಿ, ಸುಮಾರು 1 ಎಕರೆ 33 ಗುಂಟೆ. ನಡುವೆ 20 ಅಡಿ ರಸ್ತೆ, ಎರಡೂ ಕಡೆ 40 ಅಡಿ ಆಳದ ಸೈಟು: 40, 20, 40, ಸರಿಯಾಗಿ 100 ಅಡಿ. ಒಂದೊಂದು ಬದಿಗೆ 26ರಂತೆ 30×40 ಅಳತೆಯ 52 ಸೈಟು. ಬಂಡಿದಾರಿಯ ಕಡೆ ಬಾಯಿ, ಆ ಕಡೆ ಬದು. ಪಕ್ಕದ ಹಿಸ್ಸಾದ ತಮ್ಮ ಎರಡು ವರ್ಷ ಬಿಟ್ಟು ಬೇರೆಯವರಿಗೆ ಮಾರುತ್ತಾನೆ. ಅಲ್ಲೂ ಇದೇ ಲೆಕ್ಕ. ಹೀಗೆ ಹತ್ತು ಪಟ್ಟಿ ಆದಾಗ ಮೇಲಿನಿಂದ ನೋಡಿದರೆ ಬಾಚಣಿಗೆಯ ಆಕಾರ ಬರುತ್ತದೆ. ಹಲ್ಲುಗಳೆಲ್ಲ ಡೆಡ್ ಎಂಡ್ ರಸ್ತೆಗಳು, ಹಿಡಿ ಎಂದರೆ ಆ ಹಳೆಯ ಬಂಡಿದಾರಿ.

ಮೊದಲ ಹಲ್ಲಿನ ತುದಿಯ ಮನೆಯ ಮುಂದೆ ನಿಂತು ಎರಡನೇ ಹಲ್ಲಿನ ತುದಿಯ ಮನೆಗೆ ಹೋಗಬೇಕು. ನೇರ ದೂರ 100 ಅಡಿ, ನಡುವೆ ಎರಡು ಮನೆಗಳ ಹಿತ್ತಿಲಗೋಡೆ. ದಾರಿ ಹಿಡಿದು ಹೋದರೆ 800, ಮತ್ತೆ 100, ಮತ್ತೆ 800: ಒಟ್ಟು 1,700 ಅಡಿ. ಹದಿನೇಳು ಪಟ್ಟು. ಚೌಕಾಕಾರದ ಮೇನ್–ಕ್ರಾಸ್ ಜಾಲದಲ್ಲಿ ಈ ಸುತ್ತು ಯಾವ ಮೂಲೆಯಿಂದ ಯಾವ ಮೂಲೆಗೆ ಹೋದರೂ ಹೆಚ್ಚೆಂದರೆ 1.41 ಪಟ್ಟು, ಸರಾಸರಿ 1.27 ಪಟ್ಟು. ಅಂಗಡಿಗೆ ನಡೆದು ಹೋಗಬಹುದಾದವರು ಸ್ಕೂಟರ್ ಕಿಕ್ ಮಾಡುವುದು ಸೋಮಾರಿತನದಿಂದ ಎಂದು ಬೈಯುವವರು ಈ ಹದಿನೇಳನ್ನು ನೆನಪಿನಲ್ಲಿಡಬೇಕು.

ಲೇಔಟ್ ಮಾಡುವವರು ತುದಿಯನ್ನು ಮುಚ್ಚುವುದಕ್ಕೂ ಸರಳವಾದ ಲೆಕ್ಕವಿದೆ. 30 ಅಡಿ ಅಗಲದ ರಸ್ತೆಯನ್ನು ಕೊನೆಯ ಸಾಲಿನ 40 ಅಡಿ ಆಳದ ಸೈಟುಗಳ ನಡುವೆ ಬದುವಿನವರೆಗೆ ಒಯ್ದರೆ ಕಳೆದುಕೊಳ್ಳುವುದು ಕರಾರುವಾಕ್ಕಾಗಿ ಒಂದು 30×40 ಸೈಟು. ಅದರ ಲಾಭ ಸಿಗುವುದು ಪಕ್ಕದ ಜಮೀನಿನವರಿಗೆ. ತನ್ನ ದುಡ್ಡಿನಲ್ಲಿ ಪಕ್ಕದವರ ಜಮೀನಿಗೆ ಬೆಲೆ ಬರಿಸಲು ಯಾರೂ ಒಪ್ಪುವುದಿಲ್ಲ. ರಸ್ತೆ ಬದುವಿನ ತನಕ ಬಂದರೂ ತುದಿಯಲ್ಲಿ ಒಂದಡಿ ಪಟ್ಟಿಯನ್ನು ತಮ್ಮ ಹೆಸರಲ್ಲೇ ಉಳಿಸಿಕೊಂಡು, ಮುಂದೆ ದಾರಿ ಬೇಕೆಂದವರಿಂದ ಹಣ ಕೇಳುವುದೂ ಉಂಟು. ಇನ್ನು ಪಾರ್ಕು ಮತ್ತು ರಸ್ತೆಯ ಅಗಲದ ವಿಷಯ. 2 ಎಕರೆ ಎಂದರೆ 87,120 ಚದರಡಿ. ಅದರಲ್ಲಿ 55%ರಷ್ಟು ಮಾತ್ರ ಸೈಟಿಗೆ ಸಿಕ್ಕರೆ 39 ಸೈಟು. ರಸ್ತೆಯನ್ನು 20 ಅಡಿಗೆ ಇಳಿಸಿ, ಪಾರ್ಕು ಬಿಡದೆ 70% ತೆಗೆದರೆ 50 ಸೈಟು. ಹನ್ನೊಂದು ಸೈಟಿನ ಆಸೆ ಸಣ್ಣದಲ್ಲ. ಬಿಡಿಎ ಕಾಯ್ದೆಯ ಪ್ರಕಾರ ಬಿಡಿಎ ಲೇಔಟಿನಲ್ಲಿ 15% ಪಾರ್ಕು ಮತ್ತು ಆಟದ ಮೈದಾನಕ್ಕೆ, ಇನ್ನೂ 10% ನಾಗರಿಕ ಸೌಲಭ್ಯಕ್ಕೆ ಬಿಡಬೇಕು. ಅನುಮೋದನೆಯಿಲ್ಲದೆ ಹೊಲವನ್ನೇ ಸೈಟು ಮಾಡಿದ ರೆವಿನ್ಯೂ ಲೇಔಟಿನಲ್ಲಿ ಅದನ್ನು ಕೇಳುವವರೇ ಇರಲಿಲ್ಲ.

ಸರ್ಕಾರವೇ ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂದೂ ಇಲ್ಲ. ಅರ್ಕಾವತಿ ಲೇಔಟಿಗೆ 2003ರ ಪ್ರಾಥಮಿಕ ಅಧಿಸೂಚನೆಯಲ್ಲಿ 3,339 ಎಕರೆ ಇತ್ತು, 2004ರ ಅಂತಿಮ ಅಧಿಸೂಚನೆಯಲ್ಲಿ 2,750 ಎಕರೆ. ಆಮೇಲೂ ಕೋರ್ಟು, ಡಿನೋಟಿಫಿಕೇಶನ್ ಎಂದು ತುಂಡುತುಂಡಾಗಿ ಜಮೀನು ಕೈಬಿಡುವ ಜಗಳ ನಡೆಯಿತು. ನೂರು ಎಕರೆಯನ್ನು ಒಂದು ಅಂಚಿನಲ್ಲಿ ಕೈಬಿಟ್ಟರೆ ಜಾಲಕ್ಕೆ ಅಷ್ಟೇನೂ ಪೆಟ್ಟಿಲ್ಲ. ನಡುನಡುವೆ ಹತ್ತು ಗುಂಟೆಯಂತೆ ಕೈಬಿಟ್ಟರೆ ಪ್ರತಿ ತುಂಡೂ ಒಂದೆರಡು ಕ್ರಾಸುಗಳನ್ನು ಕತ್ತರಿಸುತ್ತದೆ. ಬಟ್ಟೆಯ ಅಂಚು ಹರಿದರೆ ಮಡಚಿ ಹೊಲಿಯಬಹುದು, ನಡುವೆ ಇಲಿ ಕಡಿದರೆ ಏನು ಮಾಡುವುದು?

ಈ ಹೆಣಿಗೆಯನ್ನು ಅಳೆಯಲು ಬರುತ್ತದೆ, ಮನೆಯಲ್ಲೇ ಕೂತು ಅಳೆಯಬಹುದು. ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಉಚಿತ ಅಂತರ್ಜಾಲ ನಕ್ಷೆಯಿಂದ 1 ಕಿ.ಮೀ. ಚೌಕದ ರಸ್ತೆಗಳನ್ನು ಇಳಿಸಿಕೊಂಡು ಕ್ಯೂಜಿಐಎಸ್ ಎಂಬ ನಕ್ಷೆಯ ತಂತ್ರಾಂಶದಲ್ಲಿ ತೆರೆಯಿರಿ. ಪೈಥಾನ್ ಬಲ್ಲವರಿಗೆ ಓಎಸ್‌ಎಂಎನ್‌ಎಕ್ಸ್ ಎಂಬ ಉಚಿತ ಸಲಕರಣೆ ಇದೆ. ಮೂರು ಸಂಖ್ಯೆ ಎಣಿಸಿದರೆ ಸಾಕು: ಡೆಡ್ ಎಂಡ್‌ಗಳು ಎಷ್ಟು, ಮೂರು ದಾರಿ ಕೂಡುವ ಜಾಗ ಎಷ್ಟು, ನಾಲ್ಕು ದಾರಿ ಕೂಡುವ ಜಾಗ ಎಷ್ಟು. ಡೆಡ್ ಎಂಡ್‌ಗಳ ಸಂಖ್ಯೆಗೆ ಮೂರುದಾರಿಗಳ ಮೂರು ಪಟ್ಟನ್ನೂ ನಾಲ್ಕುದಾರಿಗಳ ನಾಲ್ಕು ಪಟ್ಟನ್ನೂ ಕೂಡಿಸಿ ಎರಡರಿಂದ ಭಾಗಿಸಿದರೆ ರಸ್ತೆತುಂಡುಗಳ ಸಂಖ್ಯೆ ಬರುತ್ತದೆ. ಅದನ್ನು ಮೂರೂ ಬಗೆಯ ಬಿಂದುಗಳ ಒಟ್ಟು ಸಂಖ್ಯೆಯಿಂದ ಭಾಗಿಸಿ. ಉದಾಹರಣೆಗೆ 10 ಡೆಡ್ ಎಂಡ್, 70 ಮೂರುದಾರಿ, 60 ನಾಲ್ಕುದಾರಿ ಇದ್ದರೆ 230 ತುಂಡು, 140 ಬಿಂದು, ಅನುಪಾತ 1.64. 50 ಡೆಡ್ ಎಂಡ್, 62 ಮೂರುದಾರಿ, 6 ನಾಲ್ಕುದಾರಿ ಇದ್ದರೆ 130 ತುಂಡು, 118 ಬಿಂದು, ಅನುಪಾತ 1.10. ಕೊನೆಯಿಲ್ಲದ ಚೌಕಜಾಲಕ್ಕೆ ಇದು 2, ಮೇಲೆ ಹೇಳಿದ ಬಾಚಣಿಗೆಗೆ 1. ನಡೆದಾಡಲು ಅನುಕೂಲವಾಗಬೇಕಾದರೆ 1.4ರ ಮೇಲಿರಬೇಕು ಎಂಬುದು ಯೋಜಕರು ಸಾಮಾನ್ಯವಾಗಿ ಇಟ್ಟುಕೊಳ್ಳುವ ಗಡಿ.

ಎಣಿಕೆಯಲ್ಲಿ ತಪ್ಪುವುದು ಎಲ್ಲಿ ಎಂಬುದನ್ನೂ ಹೇಳಿಬಿಡಬೇಕು. ಚೌಕದ ಅಂಚಿನಲ್ಲಿ ಕತ್ತರಿಸಿದ ರಸ್ತೆಗಳೆಲ್ಲ ಸುಳ್ಳು ಡೆಡ್ ಎಂಡ್ ಆಗಿ ಕಾಣುತ್ತವೆ. 200 ಮೀಟರ್ ಹೆಚ್ಚಿಗೆ ಇಳಿಸಿಕೊಂಡು, ಎಣಿಸುವಾಗ ಒಳಗಿನ ಚೌಕವನ್ನು ಮಾತ್ರ ಎಣಿಸಿ. ಡಿವೈಡರ್ ಇರುವ ಎರಡು ರಸ್ತೆ ಕೂಡುವ ಒಂದೇ ಸರ್ಕಲ್ ನಕ್ಷೆಯಲ್ಲಿ ನಾಲ್ಕು ಬಿಂದುವಾಗಿರುತ್ತದೆ. 12ರಿಂದ 15 ಮೀಟರ್ ಒಳಗಿನ ಬಿಂದುಗಳನ್ನು ಒಂದು ಮಾಡಬೇಕು. ಫ್ಲೈಓವರ್ ಕೆಳಗಿನ ರಸ್ತೆಯನ್ನು ದಾಟಿದ ಮಾತ್ರಕ್ಕೆ ಅದು ಕೂಡುವ ಜಾಗವಲ್ಲ. ಉದ್ದ ಅಳೆಯುವ ಮೊದಲು ನಕ್ಷೆಯನ್ನು ಮೀಟರಿನಲ್ಲಿ ಅಳೆಯುವ ಯುಟಿಎಂ ಪದ್ಧತಿಯ 43 ಉತ್ತರ ವಲಯಕ್ಕೆ ಬದಲಿಸಿಕೊಳ್ಳದಿದ್ದರೆ ಮೀಟರಿನ ಬದಲು ಡಿಗ್ರಿಯಲ್ಲಿ ಉತ್ತರ ಬರುತ್ತದೆ. ಎಲ್ಲಕ್ಕಿಂತ ದೊಡ್ಡ ಮೋಸ ಗೇಟಿನದು. ಗೇಟೆಡ್ ಲೇಔಟಿನ ಒಳರಸ್ತೆಗಳು ನಕ್ಷೆಯಲ್ಲಿ ಮಾಮೂಲಿ ರಸ್ತೆಯಂತೆಯೇ ಕಾಣುತ್ತವೆ. ಅವನ್ನು ಖಾಸಗಿ ಎಂದು ಗುರುತು ಮಾಡಿರದಿದ್ದರೆ ಅತಿ ಮುಚ್ಚಿದ ಪ್ರದೇಶವೇ ಅತಿ ತೆರೆದದ್ದು ಎಂಬ ಲೆಕ್ಕ ಬರುತ್ತದೆ. ಇದಕ್ಕೆ ಕಂಪ್ಯೂಟರಿನಲ್ಲಿ ಔಷಧವಿಲ್ಲ. ಹೋಗಿ ಗೇಟುಗಳನ್ನು ನೋಡಿ ಬರಬೇಕು.

ವಿಶ್ವಸಂಸ್ಥೆಯ ನಗರ ಮತ್ತು ವಸತಿ ವಿಭಾಗವಾದ ಯುಎನ್-ಹ್ಯಾಬಿಟ್ಯಾಟ್ ಒಂದು ಅಳತೆ ಕೊಟ್ಟಿದೆ: ಚದರ ಕಿ.ಮೀ.ಗೆ ಕನಿಷ್ಠ 18 ಕಿ.ಮೀ. ಬೀದಿ, 80ರಿಂದ 100 ಕೂಡುವ ಜಾಗ, ನೆಲದಲ್ಲಿ 30% ಬೀದಿಗೆ. ಮೊದಲ ಎರಡು ಸಂಖ್ಯೆಗಳು ಬೇರೆಬೇರೆ ನಿಯಮದಂತೆ ಕಂಡರೂ ಒಂದೇ ಚಿತ್ರದ ಎರಡು ಮುಖ. 111 ಮೀಟರಿಗೊಂದು ಬೀದಿಯಿರುವ ಚೌಕಜಾಲದಲ್ಲಿ 18 ಕಿ.ಮೀ. ಬೀದಿಯೂ ಸುಮಾರು 81 ಕೂಡುವ ಜಾಗವೂ ತಾನಾಗಿ ಬರುತ್ತವೆ. ಮೂರನೆಯದನ್ನು ಸೇರಿಸಿದರೆ ಬೀದಿಯ ಸರಾಸರಿ ಅಗಲ 16.7 ಮೀಟರ್. ನಮ್ಮ 20 ಅಡಿ, ಅಂದರೆ ಸುಮಾರು 6 ಮೀಟರಿನ ರಸ್ತೆಗಳು ಅದೇ 18 ಕಿ.ಮೀ. ಇದ್ದರೂ ನೆಲದ 11%ನ್ನೂ ಮುಟ್ಟುವುದಿಲ್ಲ. ನನ್ನ ಅಭಿಪ್ರಾಯ ಇಷ್ಟು: ಅಗಲ ಕಡಿಮೆಯಾದರೂ ಸಹಿಸಬಹುದು, ಕೂಡಿಕೆ ಕಡಿಮೆಯಾದರೆ ಸಹಿಸಲಾಗದು. ಚಿಕ್ಕಪೇಟೆ ಇಷ್ಟು ಶತಮಾನ ಬದುಕಿರುವುದು ಅಗಲದಿಂದಲ್ಲ.

ಇದು ಬೆಂಗಳೂರಿಗೆ ಮಾತ್ರ ಅಂಟಿದ ಕಾಯಿಲೆಯಲ್ಲ. ಕ್ರಿಸ್ಟೋಫರ್ ಬ್ಯಾರಿಂಗ್ಟನ್-ಲೀ ಮತ್ತು ಆಡಮ್ ಮಿಲ್ಲಾರ್ಡ್-ಬಾಲ್ ಅಮೆರಿಕದ ಒಂದು ಶತಮಾನದ ಬೀದಿಗಳನ್ನು ಅಳೆದು 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅಲ್ಲಿ ತುಂಡುಬೀದಿಗಳ ಕಾಲ 1994ರ ಸುಮಾರಿಗೆ ತುದಿ ಮುಟ್ಟಿ ನಂತರ ಇಳಿಯಿತು. ಅವರೇ 2020ರಲ್ಲಿ ಇಡೀ ಜಗತ್ತನ್ನು ಅಳೆದಾಗ 1975ರಿಂದೀಚೆಗೆ ಹಲವು ಭಾಗಗಳಲ್ಲಿ ಬೀದಿಗಳ ಕೂಡಿಕೆ ಕಡಿಮೆಯಾಗುತ್ತ ಬಂದಿರುವುದು ಕಂಡಿತು.

ಬಾಚಣಿಗೆಯ ಹಿಡಿಯ ಮೇಲೆ ಬೀಳುವ ಭಾರವನ್ನು ಲೆಕ್ಕ ಹಾಕೋಣ. ಹತ್ತು ಹಲ್ಲು, 520 ಸೈಟು. ಒಂದೊಂದರಲ್ಲಿ ನಾಲ್ಕು ಮನೆ ಎಂದರೂ ಎರಡು ಸಾವಿರ ಸಂಸಾರ. ಬೆಳಗಿನ ಒಂದು ಗಂಟೆಯಲ್ಲಿ ಎರಡು ಮನೆಗೊಂದು ಗಾಡಿ ಹೊರಟರೆ ಸಾವಿರ ಗಾಡಿ. ಅದರಲ್ಲಿ ಅರ್ಧ ಬೈಕುಗಳು, ಒಂದು ಬೈಕ್ ಅರ್ಧ ಕಾರಿಗೆ ಸಮ ಎಂದರೆ 750 ಕಾರಿನಷ್ಟು ಭಾರ. ಸಿಗ್ನಲ್ಲಿನಲ್ಲಿ ಒಂದು ಲೇನ್ ಪೂರ್ತಿ ಹಸಿರಿದ್ದರೆ ಗಂಟೆಗೆ ಸುಮಾರು 1,800 ಕಾರು ಬಿಡುತ್ತದೆ. ಹಸಿರು 40% ಸಮಯ ಮಾತ್ರ ಎಂದರೆ 720. ಅಲ್ಲಿಗೆ ಒಂದೇ ಬಾಯಿಯ ಈ ಬಡಾವಣೆ ದಿನಾ ಬೆಳಿಗ್ಗೆ ಕಟ್ಟಿಕೊಳ್ಳುವುದು ಖಚಿತ. ಬಾಯಿ ಮೂರಿದ್ದರೆ ಒಂದೊಂದಕ್ಕೆ 250, ಸಿಗ್ನಲ್ಲೇ ಬೇಕಾಗುವುದಿಲ್ಲ. ಹಿಡಿಯನ್ನು ಅಗಲ ಮಾಡಲು ಹೊರಟರೆ ಎರಡೂ ಬದಿಯ ಅಂಗಡಿ ಒಡೆಯಬೇಕು, ಪರಿಹಾರ ಕೊಡಬೇಕು, ವರ್ಷಗಟ್ಟಲೆ ಕೋರ್ಟು. ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದವರೆಗಿನ 17 ಕಿ.ಮೀ. ಹೊರವರ್ತುಲ ರಸ್ತೆಯ ಪಾಡೂ ದೊಡ್ಡ ಅಳತೆಯಲ್ಲಿ ಇದೇ. ಅದಕ್ಕೆ ಸಮಾನಾಂತರವಾಗಿ ಪೂರ್ತಿ ಉದ್ದಕ್ಕೆ ಹೋಗುವ ಎರಡನೇ ಬೀದಿ ಇಲ್ಲ. ನಾಲ್ಕು ಹೆಜ್ಜೆಯ ಕೆಲಸಕ್ಕೂ ಅದೇ ರಸ್ತೆಗೆ ಇಳಿಯಬೇಕು.

ಬೇರೆ ತೊಂದರೆಗಳು ಇದರ ಬೆನ್ನಿಗೇ ಬರುತ್ತವೆ. 12 ಮೀಟರಿನ ಬಸ್ಸು ಡೆಡ್ ಎಂಡಿನಲ್ಲಿ ತಿರುಗಲಾರದು, ಹಾಗಾಗಿ ಹಲ್ಲಿನೊಳಗೆ ಬಸ್ಸೇ ಬರುವುದಿಲ್ಲ. ಕಸದ ಆಟೋ ಪ್ರತಿ ರಸ್ತೆಯಲ್ಲೂ ರಿವರ್ಸ್ ಬರಬೇಕು. ನೀರಿನ ಪೈಪಿಗೆ ಬಾಯಲ್ಲಿ ಗುಂಡಿ ತೋಡಿದರೆ ಆ ವಾರ ಆಂಬುಲೆನ್ಸಿಗೂ ದಾರಿಯಿಲ್ಲ.

ಬೆಂಗಳೂರಿನದೇ ಆದ ಒಂದು ಅಡ್ಡಿ ರಾಜಕಾಲುವೆ. ಊರು ದಿಬ್ಬದ ಮೇಲಿದೆ; ನೀರು ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ, ವೃಷಭಾವತಿ ಎಂಬ ಮೂರು ಕಣಿವೆಗಳಿಗೆ ಇಳಿಯುತ್ತದೆ. ಹಳೆಯ ದಾರಿಗಳು ದಿಬ್ಬದ ನೆತ್ತಿ ಹಿಡಿದು ಹೋದವು, ಕಾಲುವೆ ದಾಟುವ ಜಾಗ ಕೆಲವೇ ಕೆಲವು. ಲೇಔಟುಗಳು ಕಾಲುವೆಯ ಎರಡೂ ದಡಕ್ಕೆ ಬಂದು ನಿಂತವು. ಆ ಕಡೆಯವರ ರಸ್ತೆ ಈ ಕಡೆಯವರಿಗೆ ಕಾಣುತ್ತದೆ, ನಡುವೆ 30 ಅಡಿ ಕಾಲುವೆ, ಸುತ್ತಿ ಹೋದರೆ ಒಂದೆರಡು ಕಿಲೋಮೀಟರ್. ಒಂದು ಸ್ಲ್ಯಾಬ್ ಮೋರಿ ಹಾಕುವ ಕೆಲಸ ಎರಡು ಲೇಔಟಿನವರಲ್ಲಿ ಯಾರದೂ ಅಲ್ಲ, ಕಾಲುವೆಯ ಇಲಾಖೆಗೆ ನೀರು ಹರಿದರಾಯಿತು. ಇಡೀ ಊರಿನಲ್ಲಿ ಅತಿ ಕಡಿಮೆ ದುಡ್ಡಿಗೆ ಅತಿ ಹೆಚ್ಚು ದೂರ ಉಳಿಸುವ ಕಾಮಗಾರಿ ಇದೇ ಎಂಬುದು ನನ್ನ ನಂಬಿಕೆ. ನಡೆಯುವವರಿಗೆ ಮತ್ತು ಸೈಕಲ್ಲಿಗೆ ಎರಡು ಮೀಟರ್ ಅಗಲದ ಸೇತುವೆ ಸಾಕು. ಆದರೆ ಅದರ ತಳ ಮಳೆಗಾಲದ ಅತಿ ಹೆಚ್ಚಿನ ನೀರಿನ ಮಟ್ಟಕ್ಕಿಂತ ಮೇಲಿರಬೇಕು, ಕಾಲುವೆಯ ನಡುವೆ ಕಂಬ ಇರಬಾರದು. ಕಂಬ ಇಟ್ಟರೆ ಪ್ಲಾಸ್ಟಿಕ್ ಸಿಕ್ಕಿಕೊಂಡು ಮೇಲಿನ ಬಡಾವಣೆಗೆ ನೀರು ನುಗ್ಗುತ್ತದೆ, ಮರುವರ್ಷ ಸೇತುವೆಯನ್ನೇ ಕಿತ್ತುಹಾಕುತ್ತಾರೆ.

ಕಳೆದುಹೋದ ದಾರಿಗಳನ್ನು ಹುಡುಕಲು ಹಳೆಯ ಗ್ರಾಮನಕ್ಷೆ ತೆಗೆಯಿರಿ. ಅಂತರ್ಜಾಲದಲ್ಲಿ ಕಂದಾಯ ಇಲಾಖೆಯ ನಕ್ಷೆಗಳು ಸಿಗುತ್ತವೆ, ನಿಂತಿರುವ ಜಾಗದ ಸರ್ವೆ ನಂಬರನ್ನು ದಿಶಾಂಕ್ ಆ್ಯಪ್ ತೋರಿಸುತ್ತದೆ. ಬಂಡಿದಾರಿ ಜೋಡಿ ಚುಕ್ಕೆಗೆರೆಯಲ್ಲಿ, ಕಾಲುದಾರಿ ಒಂಟಿ ಚುಕ್ಕೆಗೆರೆಯಲ್ಲಿ ಇರುತ್ತದೆ. ಪಹಣಿಯಲ್ಲಿ 'ಬಿ' ಖರಾಬು ಎಂದು ಬರೆದಿದ್ದರೆ ಅದು ದಾರಿ, ಹಳ್ಳ ಮುಂತಾದ ಸಾರ್ವಜನಿಕ ಉಪಯೋಗದ ನೆಲ, ಮಾರಲು ಬರುವುದಿಲ್ಲ. ಈಗ ಗೋಡೆಯಿರುವ ಎಷ್ಟೋ ಕಡೆ ಈ ದಾರಿ ಕಾಗದದಲ್ಲಿ ಇನ್ನೂ ಜೀವಂತವಾಗಿದೆ. ಅನುಮೋದಿತ ಲೇಔಟಿನಲ್ಲಿ ರಸ್ತೆ ಮತ್ತು ಪಾರ್ಕನ್ನು ಪರಿತ್ಯಾಜನಾ ಪತ್ರ ಬರೆದು ಸ್ಥಳೀಯ ಸಂಸ್ಥೆಗೆ ಒಪ್ಪಿಸಿರುತ್ತಾರೆ. ಆ ಪತ್ರದ ನಕಲು ಕೈಯಲ್ಲಿದ್ದರೆ ಗೇಟಿನ ಮುಂದಿನ ಮಾತುಕತೆಯ ಧಾಟಿಯೇ ಬೇರೆಯಾಗುತ್ತದೆ.

ಗೋಡೆ ತೆಗೆಯಿರಿ ಎಂದಾಗ ಒಳಗಿನವರು ಹೇಳುವ ಭಯ ಸುಳ್ಳಲ್ಲ. ಹತ್ತು ಮುಚ್ಚಿದ ರಸ್ತೆಗಳಲ್ಲಿ ಒಂದನ್ನು ಮಾತ್ರ ತೆರೆದರೆ ಸುತ್ತಲಿನ ಗಾಡಿಗಳೆಲ್ಲ ಅದಕ್ಕೇ ನುಗ್ಗುತ್ತವೆ. ಆ ಬೀದಿಯ ಮಕ್ಕಳು ಹೊರಗೆ ಆಡುವುದು ನಿಲ್ಲುತ್ತದೆ, ಎರಡೇ ತಿಂಗಳಲ್ಲಿ ಗೋಡೆ ಮತ್ತೆ ಏಳುತ್ತದೆ. ಆದ್ದರಿಂದ ತೆರೆಯುವುದಾದರೆ ಹಲವನ್ನು ಒಟ್ಟಿಗೆ ತೆರೆಯಬೇಕು, ಇಲ್ಲವೇ ಮೊದಲು ಕಾಲಿಗೆ ಮತ್ತು ಸೈಕಲ್ಲಿಗೆ ಮಾತ್ರ ತೆರೆಯಬೇಕು. ಎರಡು ಮೀಟರ್ ಕಿಂಡಿ, ನಡುವೆ ಒಂದು ಗೂಟ, ರಾತ್ರಿಗೆ ಒಂದು ದೀಪ. ಗೂಟದ ಸಂದು 90 ಸೆಂ.ಮೀ.ಗಿಂತ ಕಿರಿದಾದರೆ ಗಾಲಿಕುರ್ಚಿ ದಾಟುವುದು ಕಷ್ಟ. ಬೈಕು ಬರಬಾರದೆಂದು ತಿರುಗುವ ಗೇಟು ಹಾಕಿದರೆ ಬೈಕಿಗಿಂತ ಮೊದಲು ಅಜ್ಜಿಯರಿಗೆ ದಾರಿ ಮುಚ್ಚುತ್ತದೆ.

ಇದೆಲ್ಲ ಆಗಿಹೋದದ್ದಕ್ಕೆ ತೇಪೆ. ಇನ್ನೂ ಹೊಲವಾಗಿರುವ ಕಡೆ ಬದುವನ್ನೇ ಅಳಿಸುವ ದಾರಿಯೊಂದು ಗುಜರಾತಿನಲ್ಲಿ ರೂಢಿಯಲ್ಲಿದೆ, ನಗರ ಯೋಜನಾ ಸ್ಕೀಮ್. ಸುಮಾರು 100 ಹೆಕ್ಟೇರ್ ಜಮೀನನ್ನು ಒಂದೇ ಹಾಳೆಯ ಮೇಲೆ ಒಟ್ಟುಮಾಡಿ, ಮೊದಲು ರಸ್ತೆಯ ಜಾಲ ಎಳೆದು, ಪ್ರತಿಯೊಬ್ಬರ ಪಾಲಿನಿಂದಲೂ ಒಂದಿಷ್ಟು, ಹೊರವಲಯದಲ್ಲಿ ಸಾಮಾನ್ಯವಾಗಿ 40%ವರೆಗೆ, ಕಳೆದು, ಉಳಿದದ್ದನ್ನು ಚೊಕ್ಕ ಆಕಾರದ ಪ್ಲಾಟಾಗಿ ಅದೇ ರೈತರಿಗೆ ಹಿಂತಿರುಗಿಸುತ್ತಾರೆ. ಯಾರೂ ಊರು ಬಿಡಬೇಕಿಲ್ಲ, ಬೆಲೆ ಏರಿದಾಗ ಲಾಭ ರೈತರದೇ. ಅಹಮದಾಬಾದಿನ 76 ಕಿ.ಮೀ. ವರ್ತುಲ ರಸ್ತೆಗೆ ಜಾಗ ಸಿಕ್ಕಿದ್ದರಲ್ಲಿ ಈ ಸ್ಕೀಮಿನ ಪಾತ್ರ ದೊಡ್ಡದು. ಕೊನೆಯ ಹಂತದ ಲೆಕ್ಕ ತೀರುವುದಕ್ಕೆ ಅಲ್ಲೂ ಬಹಳ ವರ್ಷ ಹಿಡಿಯುತ್ತದೆ. ಆದರೆ 1999ರ ತಿದ್ದುಪಡಿಯ ನಂತರ ಕರಡು ಮಂಜೂರಾದೊಡನೆಯೇ ರಸ್ತೆಯ ಜಾಗ ವಶಕ್ಕೆ ಪಡೆಯಬಹುದು. ಜಗಳ ಏನಿದ್ದರೂ ಪ್ಲಾಟಿನದು, ರಸ್ತೆ ಅಷ್ಟರಲ್ಲಿ ಬಿದ್ದಿರುತ್ತದೆ. ನಮ್ಮ 1961ರ ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲೂ ಇಂಥ ಸ್ಕೀಮಿಗೆ ಅವಕಾಶವಿದೆ, ಬಳಕೆ ಮಾತ್ರ ಅಪರೂಪ.

ಹೊಸಕೋಟೆ, ದೇವನಹಳ್ಳಿ, ನೆಲಮಂಗಲ, ಆನೇಕಲ್ ಸುತ್ತ ಈಗ ಹೊಲಗಳು ಪಟ್ಟಿಪಟ್ಟಿಯಾಗಿ ಮಾರಾಟವಾಗುತ್ತಿವೆ. ಅಲ್ಲಿ ಸೈಟು ನೋಡಲು ಹೋಗುವವರು ಖಾತೆ, ಕನ್ವರ್ಷನ್ ಕೇಳುವ ಜೊತೆಗೆ ಲೇಔಟ್ ನಕ್ಷೆಯಲ್ಲಿ ಇನ್ನೊಂದನ್ನೂ ನೋಡಿ: ರಸ್ತೆಗಳಲ್ಲಿ ಎಷ್ಟು ಲೇಔಟಿನ ಅಂಚನ್ನು ಮುಟ್ಟುತ್ತವೆ, ಎಷ್ಟು ದಿಕ್ಕಿನಲ್ಲಿ ಮುಟ್ಟುತ್ತವೆ, ಮುಟ್ಟಿದ ಕಡೆ "ಮುಂದಿನ ರಸ್ತೆ" ಎಂದು ಬರೆದಿದೆಯೋ ಅಥವಾ ಗೋಡೆಯ ದಪ್ಪಗೆರೆ ಇದೆಯೋ. ಪಕ್ಕದ ಸರ್ವೆ ನಂಬರಿನ ಗ್ರಾಮನಕ್ಷೆಯನ್ನು ಅದರ ಪಕ್ಕಕ್ಕಿಟ್ಟು, ಬಂಡಿದಾರಿಯ ಚುಕ್ಕೆಗೆರೆ ಈ ಲೇಔಟಿನ ಯಾವ ಸೈಟಿನ ಮೇಲೆ ಹಾದುಹೋಗುತ್ತದೆ ಎಂದು ಹುಡುಕಿ. ಹಾಗೆ ಹಾದುಹೋದರೆ ಆ ಸೈಟನ್ನು ಕೊಳ್ಳಬೇಡಿ.